ಓಲೆ ಹಾಕಿದರೆ ಕಿವಿ ತುರಿಸುತ್ತಾ? ನಿಕ್ಕಲ್ ಅಲರ್ಜಿಯನ್ನು ಹೀಗೆ ಪತ್ತೆ ಮಾಡಿ

ಹೊಸ ಓಲೆ ಹಾಕಿಕೊಂಡು ಮದುವೆಗೆ ಹೋಗಿ ಬಂದಿರುತ್ತೀರಿ. ಒಂದೆರಡು ದಿನದಲ್ಲಿ ಕಿವಿ ಕೆಂಪಾಗಿ, ತುರಿಸಿ, ನೀರು ಸೋರುತ್ತದೆ. ‘ನಂಜಾಯ್ತು’ ಎಂದು ಅರಿಸಿನ ಹಚ್ಚುತ್ತೇವೆ ಅಲ್ವಾ? ಎಷ್ಟೋ ಸಲ ಅದು ನಂಜಲ್ಲ, ಒಡವೆಗೆ ಬೆರೆಸುವ ನಿಕ್ಕಲ್ ಎಂಬ ಲೋಹದ ಅಲರ್ಜಿ.

ಬೆವರಿಗೆ ನಿಕ್ಕಲ್ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳು ಅದನ್ನು ಹೊರಗಿನ ಶತ್ರು ಎಂದು ಗುರುತಿಟ್ಟುಕೊಳ್ಳಬಹುದು. ಆಗ ಏನೂ ಕಾಣುವುದಿಲ್ಲ. ಮುಂದೆ ಅದೇ ಲೋಹ ತಾಗಿದಾಗ ಅವು ಮುಗಿಬೀಳುತ್ತವೆ. ಆ ಜಗಳವೇ ತುರಿಕೆ. ಹತ್ತು ವರ್ಷ ಹಾಕಿದ ವಾಚು ಒಂದು ದಿನ ಇದ್ದಕ್ಕಿದ್ದಂತೆ ಆಗಿಬರದೆ ಹೋಗುವುದೂ ಹೀಗೆಯೇ. ಈ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಮೊದಲು ಜಾಗ ನೋಡಿ. ಕಿವಿ, ಕತ್ತು, ವಾಚಿನ ಕೆಳಗೆ, ಜೀನ್ಸ್ ಗುಂಡಿ ತಾಗುವ ಹೊಕ್ಕುಳ ಕೆಳಗೆ. ಗುಳ್ಳೆ ಲೋಹ ಇದ್ದಲ್ಲೇ ಎದ್ದಿದ್ದರೆ ಅನುಮಾನ ಗಟ್ಟಿ.

ಆ ವಸ್ತು ತೆಗೆದಿಡಿ. ಮುಲಾಮು ಹಚ್ಚಿಕೊಂಡೇ ಅದೇ ಓಲೆ ಹಾಕುವುದು ಸುಮ್ನೆ ದಂಡ.

ಆಮೇಲೆ ಲೋಹ ಪರೀಕ್ಷಿಸಿ. ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ರಾಸಾಯನಿಕ ಇರುವ ನಿಕ್ಕಲ್ ಟೆಸ್ಟ್ ಕಿಟ್ ಸಿಗುತ್ತದೆ. ಹತ್ತಿಗೆ ಹನಿ ಹಾಕಿ ಲೋಹಕ್ಕೆ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಹೊರಬರುತ್ತಿದೆ ಎಂದರ್ಥ. ತಿರುಪನ್ನೂ ಕಿವಿಯೊಳಗೆ ಹೋಗುವ ಕಡ್ಡಿಯನ್ನೂ ಮರೆಯಬೇಡಿ, ತೊಂದರೆ ಜಾಸ್ತಿ ಅಲ್ಲೇ.

ಖಚಿತವಾಗಬೇಕಾದರೆ ಚರ್ಮದ ವೈದ್ಯರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಸ್ವಲ್ಪ ನಿಕ್ಕಲ್ ಇಟ್ಟು ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆ ಬಿಟ್ಟು ತೆಗೆಯುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆ ಮಾಡುವಂತಿಲ್ಲ. ಸ್ಟೀರಾಯ್ಡ್ ಮುಲಾಮನ್ನು ಅವರು ಬರೆದುಕೊಟ್ಟರೆ ಮಾತ್ರ ಹಚ್ಚಿ.

ಕೊಳ್ಳುವಾಗ ಟೈಟಾನಿಯಂ ಒಳ್ಳೆಯ ಆಯ್ಕೆ, 22 ಕ್ಯಾರೆಟ್ ಚಿನ್ನವೂ ಸಾಮಾನ್ಯವಾಗಿ ಆಗಿಬರುತ್ತದೆ. ಬಿಳಿ ಚಿನ್ನದಲ್ಲಿ ನಿಕ್ಕಲ್ ಇರಬಹುದು, ಕೇಳಿ ಕೊಳ್ಳಿ. ಚಿನ್ನದ ಲೇಪದ ಒಡವೆಯಲ್ಲಿ ಲೇಪ ಸವೆದ ಮೇಲೆ ಒಳಗಿನ ಲೋಹ ಮೈಗೆ ತಾಗುತ್ತದೆ. ಜೀನ್ಸ್ ಗುಂಡಿಗೆ ಒಳಗಡೆಯಿಂದ ಬಟ್ಟೆಯ ತುಂಡು ಹೊಲಿದರೆ ಸಾಕು.

ಗೋಡಂಬಿ, ಕಾಳು, ಚಾಕೊಲೇಟ್‌ನಲ್ಲೂ ನಿಕ್ಕಲ್ ಇದೆ ಎಂದು ಕೇಳಿ ಹೆದರಬೇಡಿ. ಊಟದಿಂದ ತೊಂದರೆಯಾಗುವುದು ಕೆಲವರಿಗೆ ಮಾತ್ರ. ವೈದ್ಯರನ್ನು ಕೇಳದೆ ಬೇಳೆಕಾಳು ಬಿಡುವುದು ತಪ್ಪು.

ಹೆಣ್ಣುಮಕ್ಕಳಲ್ಲಿ ಈ ಅಲರ್ಜಿ ಜಾಸ್ತಿ. ದೊಡ್ಡ ಕಾರಣ ಕಿವಿ ಚುಚ್ಚುವುದು, ಹಸಿ ಗಾಯಕ್ಕೇ ಲೋಹ ತಾಗುತ್ತದಲ್ಲ. ಡೆನ್ಮಾರ್ಕ್ 1990ರಲ್ಲಿ ಒಡವೆಯಿಂದ ನಿಕ್ಕಲ್ ಹೊರಬರುವುದಕ್ಕೆ ಮಿತಿ ಹಾಕಿತು. ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಅಲರ್ಜಿ ಕಡಿಮೆಯಾಯಿತು. ಹಾಗಾಗಿ ಮಗುವಿಗೆ ಕಿವಿ ಚುಚ್ಚಿಸುವ ದಿನ 22 ಕ್ಯಾರೆಟ್‌ನ ಸಣ್ಣ ತಂತಿಯನ್ನೇ ಹಾಕಿಸಿ. ಗಾಯ ಪೂರ್ತಿ ಮಾಗುವವರೆಗೆ ಫ್ಯಾನ್ಸಿ ಓಲೆ ಬೇಡ.