400 ಸಿಸಿಯೋ 650 ಸಿಸಿಯೋ: ಸ್ಪೋರ್ಟ್ಸ್ ಬೈಕ್ ಬುಕ್ ಮಾಡುವ ಮುಂಚೆ ನೋಡಬೇಕಾದ್ದು

ಗೇರ್ ಬೈಕಿನ ಲೈಸೆನ್ಸ್ ಒಂದಿದ್ದರೆ ನಮ್ಮಲ್ಲಿ 100 ಸಿಸಿ ಗಾಡಿಯನ್ನೂ ಓಡಿಸಬಹುದು, 1000 ಸಿಸಿಯನ್ನೂ ಓಡಿಸಬಹುದು. ಯುರೋಪಿನಲ್ಲಿ ಹಾಗಿಲ್ಲ. ಅಲ್ಲಿ ಹೊಸಬರಿಗೆ ಎ2 ಲೈಸೆನ್ಸ್ ಕೊಟ್ಟು, 35 ಕಿಲೋವ್ಯಾಟ್, ಅಂದರೆ ಸುಮಾರು 47.6 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ದಾಟದ ಬೈಕಿನಲ್ಲೇ ಕೈ ಪಳಗಲಿ ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಆ ಮೆಟ್ಟಿಲು ಇಲ್ಲದ ಕಾರಣ ಅದನ್ನು ನಾವೇ ಹಾಕಿಕೊಳ್ಳಬೇಕು. 150-200 ಸಿಸಿ ಓಡಿಸಿಕೊಂಡಿದ್ದವರು ನೇರವಾಗಿ 650ಕ್ಕೆ ಹೋಗಬೇಕೋ, ಮಧ್ಯದಲ್ಲಿ 300-450ರಲ್ಲಿ ನಿಲ್ಲಬೇಕೋ ಎಂಬುದನ್ನು ತೀರ್ಮಾನಿಸಲು ಬೇಕಾದ ಲೆಕ್ಕ ಇಲ್ಲಿದೆ.

ಮಧ್ಯಮ ಗುಂಪಿನಲ್ಲಿ ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310 ಇದೆ: 38 ಪಿಎಸ್, 174 ಕೆಜಿ. ಕೆಟಿಎಂ ಆರ್‌ಸಿ 390ಗೆ 43.5 ಪಿಎಸ್, 172 ಕೆಜಿ. ಕವಾಸಕಿ ನಿಂಜಾ 300ಗೆ 39 ಪಿಎಸ್, 179 ಕೆಜಿ. ಎಪ್ರಿಲಿಯಾ ಆರ್‌ಎಸ್ 457 ಸರಿಯಾಗಿ ಎ2 ಗೆರೆಯ ಮೇಲೆ ನಿಂತಿದೆ: 47.6 ಪಿಎಸ್, 175 ಕೆಜಿ. ದೊಡ್ಡ ಗುಂಪಿನಲ್ಲಿ ಹೆಚ್ಚಿನವರು ನೋಡುವುದು ನಿಂಜಾ 650 (68 ಪಿಎಸ್, 196 ಕೆಜಿ), ಟ್ರಯಂಫ್ ಡೇಟೋನಾ 660 (95 ಪಿಎಸ್, 201 ಕೆಜಿ), ಹೋಂಡಾ ಸಿಬಿಆರ್650ಆರ್. ಮೊದಲ ಸ್ಪೋರ್ಟ್ಸ್ ಬೈಕ್ ಹುಡುಕುವವರು ರೇಸಿಗೆಂದು ಹದಮಾಡಿದ 600 ಸಿಸಿ ನಾಲ್ಕು ಸಿಲಿಂಡರ್ ಸೂಪರ್‌ಸ್ಪೋರ್ಟ್‌ಗಳನ್ನೂ ಲೀಟರ್ (1000 ಸಿಸಿ) ಬೈಕುಗಳನ್ನೂ ಪಟ್ಟಿಯಿಂದಲೇ ತೆಗೆಯಿರಿ. ಅವು ಮೊದಲ ಗೇರಿನಲ್ಲೇ 100 ಕಿ.ಮೀ ದಾಟುತ್ತವೆ.

ಬ್ರೋಷರ್‌ನ ಪಿಎಸ್ ಅಂಕಿಯನ್ನು ಹಾಗೇ ಹೋಲಿಸಬೇಡಿ. ಬೈಕಿನ ತೂಕಕ್ಕೆ ನಿಮ್ಮ ತೂಕ ಸೇರಿಸಿ, ಪಿಎಸ್ ಅಂಕಿಯನ್ನು ಅದರಿಂದ ಭಾಗಿಸಿ. 75 ಕೆಜಿ ಸವಾರ ಕೂತಾಗ ಆರ್‌ಸಿ 390ಗೆ ಟನ್ನಿಗೆ ಸುಮಾರು 176 ಪಿಎಸ್, ನಿಂಜಾ 650ಗೆ 251, ಡೇಟೋನಾಗೆ 344. ಡೇಟೋನಾ ಆರ್‌ಸಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದು ಈಗ ಕಾಣುತ್ತದೆ. ನಿಂಜಾ 650 ಇವೆರಡರ ನಡುವೆ, ಆರ್‌ಸಿಗೆ ಹತ್ತಿರ ನಿಲ್ಲುತ್ತದೆ. ಹಾಗಾಗಿ 650 ಎಂದು ಬರೆದಿರುವುದೆಲ್ಲ ಒಂದೇ ಅಲ್ಲ. ಎರಡು ಸಿಲಿಂಡರಿನ ನಿಂಜಾ 650 ಕೆಳಗಿನ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೆತ್ತಗೆ ಎಳೆಯುತ್ತದೆ (64 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, 6,700 ಆರ್‌ಪಿಎಂಗೇ ಸಿಗುತ್ತದೆ). ಮೂರು ಸಿಲಿಂಡರಿನ ಡೇಟೋನಾ, ನಾಲ್ಕು ಸಿಲಿಂಡರಿನ ಸಿಬಿಆರ್ ಆರ್‌ಪಿಎಂ ಮೇಲೆ ಹೋದಂತೆ ಜೋರಾಗುತ್ತವೆ.

ಎಲ್ಲಿ ಓಡಿಸುತ್ತೀರಿ?

ತೀರ್ಮಾನದ ಮುಕ್ಕಾಲು ಭಾಗ ಇಲ್ಲೇ ಆಗಿಹೋಗುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಆರು ಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪ್, ಅಡ್ಡ ಬರುವ ಟ್ರ್ಯಾಕ್ಟರ್, ಎದುರು ದಿಕ್ಕಿನಿಂದ ಬರುವ ಸ್ಕೂಟರ್ ಎಲ್ಲವೂ ಇರುತ್ತವೆ. ಬೈಕಿಗೆ ಅನುಮತಿ ಇರುವ ನಾಲ್ಕು ಪಥದ ಹೆದ್ದಾರಿಗಳಲ್ಲೂ ಕೇಂದ್ರ ಸರ್ಕಾರ 2018ರಲ್ಲಿ ಬೈಕುಗಳಿಗೆ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆ ವೇಗದಲ್ಲಿ 310 ಸಿಸಿಯೂ ಆರಾಮವಾಗಿ ಓಡುತ್ತದೆ.

ಹಾಗಾದರೆ 650ರ ಲಾಭ ಎಲ್ಲಿ? ಮುಂದಿನ ಗಾಡಿ ದಾಟುವಾಗ, ಹಿಂದೆ ಒಬ್ಬರು ಕೂತಾಗ, ಲಗೇಜ್ ಕಟ್ಟಿದಾಗ, ಇಡೀ ದಿನ ಓಡಿಸಿದಾಗ. ತುಮಕೂರು, ಚಿತ್ರದುರ್ಗ ದಾಟಿ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಒಂದೇ ಸಿಲಿಂಡರಿನ ಬೈಕಿನ ಕಂಪನ ನಾಲ್ಕು ಗಂಟೆಯ ನಂತರ ಅಂಗೈಯಲ್ಲೂ ಪಾದದಲ್ಲೂ ಜುಮುಗುಡುತ್ತದೆ. 650 ಟ್ವಿನ್ (ಎರಡು ಸಿಲಿಂಡರಿನದು) ಅದೇ ವೇಗಕ್ಕೆ ಕಡಿಮೆ ಆರ್‌ಪಿಎಂನಲ್ಲಿ ಓಡುವುದರಿಂದ ಸವಾರನಿಗೆ ದಣಿವು ಕಡಿಮೆ. ತಿಂಗಳಿಗೆ ಎರಡು ಮೂರು ಸಲ 400-500 ಕಿ.ಮೀ ಹೋಗಿಬರುವವರು, ಅದರಲ್ಲೂ ಜೋಡಿಯಾಗಿ ಹೋಗುವವರು ನಿಂಜಾ 650ನಂಥ ಟ್ವಿನ್ ತೆಗೆದುಕೊಂಡರೆ ಹಣ ದಂಡವಾಗದು.

ಘಾಟಿಯ ಲೆಕ್ಕವೇ ಬೇರೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಚಾರ್ಮಾಡಿಯ ಇಕ್ಕಟ್ಟಿನಲ್ಲಿ ಬೈಕ್ ಎರಡನೇ ಗೇರ್ ದಾಟುವುದೇ ಕಷ್ಟ. ಅಲ್ಲಿ 170 ಕೆಜಿಯ ಬೈಕನ್ನು ಬಾಗಿಸಿ ಎಬ್ಬಿಸುವುದು ಸಲೀಸು, ಬ್ರೇಕಿಗೆ ಕೆಲಸ ಕಡಿಮೆ, ತಪ್ಪಿದರೂ ಸರಿಮಾಡಿಕೊಳ್ಳಲು ಜಾಗ ಉಳಿಯುತ್ತದೆ. ಮಳೆಗಾಲದಲ್ಲಿ ಪಾಚಿ, ಒದ್ದೆ ಎಲೆ ಸೇರಿದಾಗ ಈ ವ್ಯತ್ಯಾಸ ಇನ್ನೂ ಹೆಚ್ಚು. ವಾರಾಂತ್ಯಕ್ಕೆ ಮಲೆನಾಡು ಸುತ್ತುವುದೇ ಆಸೆಯಾದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಬೈಕ್ ಓಡಿಸುವ ಟ್ರ್ಯಾಕ್ ಡೇಗೆ ಹೋಗುವ ಯೋಚನೆ ಇದ್ದವರಿಗೂ ಇದೇ ಸಲಹೆ. ಮಧ್ಯಮ ಬೈಕಿನಲ್ಲಿ ಥ್ರಾಟಲ್ (ಎಕ್ಸಿಲರೇಟರ್) ಪೂರ್ತಿ ತೆರೆದು ಕಲಿಯಬಹುದು, ಟೈರೂ ಬ್ರೇಕ್ ಪ್ಯಾಡೂ ನಿಧಾನವಾಗಿ ಸವೆಯುತ್ತವೆ.

ಬ್ರೇಕಿನ ಲೆಕ್ಕ

ವೇಗ ಒಂದೂವರೆ ಪಟ್ಟಾದರೆ ನಿಲ್ಲಲು ಬೇಕಾದ ದೂರ ಎರಡೂಕಾಲು ಪಟ್ಟಾಗುತ್ತದೆ. ಒಣ ಡಾಂಬರಿನಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ 80ರಿಂದ ನಿಲ್ಲಲು ಸುಮಾರು 35 ಮೀಟರ್, 120ರಿಂದ ಸುಮಾರು 80 ಮೀಟರ್ ಬೇಕು. ಎಮ್ಮೆ ಅಡ್ಡ ಬಂದದ್ದು ಕಂಡು ಲಿವರ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೆ 80ರಲ್ಲಿ ಅಷ್ಟರಲ್ಲೇ 22 ಮೀಟರ್ ಹೋಗಿರುತ್ತದೆ, 120ರಲ್ಲಿ 33 ಮೀಟರ್. 650 ಬೈಕಿನ ಅಪಾಯ ಇರುವುದು ಅದು 120 ಮುಟ್ಟಿದ್ದೇ ಗೊತ್ತಾಗದಿರುವುದರಲ್ಲಿ.

ಇನ್ನೊಂದು ತಪ್ಪು ಬಹಳ ಸಾಮಾನ್ಯ: ಹಂಪ್ ಅಥವಾ ಗುಂಡಿಯ ಮೇಲೆ ಮೈ ಹಿಂದಕ್ಕೆ ಜಗ್ಗಿ, ಬಲಗೈ ತಾನಾಗಿ ಥ್ರಾಟಲ್ ತಿರುಗಿಸಿಬಿಡುತ್ತದೆ. 310ರಲ್ಲಿ ಗಾಡಿ ಸ್ವಲ್ಪ ಮುಂದಕ್ಕೆ ಎಗರುತ್ತದೆ ಅಷ್ಟೆ. 95 ಪಿಎಸ್ ಬೈಕಿನಲ್ಲಿ ಅದೇ ತಿರುವು ಮುಂದಿನ ಚಕ್ರ ಎತ್ತಬಹುದು, ಇಲ್ಲವೇ ಎದುರಿನ ಕಾರಿಗೆ ಹೊಡೆಸಬಹುದು. ಮಣಿಕಟ್ಟು ಕೆಳಗಿಟ್ಟು ಗ್ರಿಪ್ ಹಿಡಿಯುವುದು, ಮಂಡಿಯಿಂದ ಟ್ಯಾಂಕ್ ಒತ್ತಿ ಕೂರುವುದು ಅಭ್ಯಾಸ ಆಗುವವರೆಗೆ ದೊಡ್ಡ ಬೈಕ್ ಬೇಡ.

ಬೆಲೆ ಹೆಚ್ಚಾದಂತೆ ಸುರಕ್ಷತಾ ಸಲಕರಣೆಯೂ ಹೆಚ್ಚು ಎಂದುಕೊಳ್ಳಬೇಡಿ. 125 ಸಿಸಿ ಮೇಲಿನ ಎಲ್ಲ ಬೈಕಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆದರೆ ಸಾದಾ ಎಬಿಎಸ್ ಬೈಕ್ ನೆಟ್ಟಗಿದ್ದಾಗಷ್ಟೇ ಪೂರ್ತಿ ನೆರವಾಗುತ್ತದೆ. ಬಾಗಿದಾಗಲೂ ಕೆಲಸ ಮಾಡುವ ಕಾರ್ನರಿಂಗ್ ಎಬಿಎಸ್ 2022ರಿಂದೀಚಿನ ಆರ್‌ಸಿ 390ರಲ್ಲಿದೆ. ಅದಕ್ಕಿಂತ ಎಷ್ಟೋ ದುಬಾರಿಯಾದ ನಿಂಜಾ 650ರಲ್ಲಿ ಇಲ್ಲ.

ಊರೊಳಗೆ

ನಿತ್ಯ ಆಫೀಸಿಗೆ ಸಿಲ್ಕ್ ಬೋರ್ಡ್ ದಾಟಿ ಹೋಗುವವರು ಇದನ್ನು ಗಮನವಿಟ್ಟು ಓದಿ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದರೆ ಬಿಸಿಗಾಳಿ ಮೊಣಕಾಲಿಗೂ ಕಣಕಾಲಿಗೂ ಬಡಿಯುತ್ತದೆ. ಸಿಲಿಂಡರ್ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಟೆಸ್ಟ್ ರೈಡನ್ನು ಬೆಳಗ್ಗೆ ಏಳಕ್ಕೆ ಕೊಟ್ಟರೆ ಇದು ಗೊತ್ತೇ ಆಗುವುದಿಲ್ಲ.

ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಬೈಕಿನ ತಳಕ್ಕೂ ಇರುವ ಅಂತರ) ಆರ್‌ಆರ್ 310ರಲ್ಲಿ 180 ಮಿ.ಮೀ, ನಿಂಜಾ 300ರಲ್ಲಿ 140, ನಿಂಜಾ 650ರಲ್ಲಿ 130. ಬಡಾವಣೆಯವರೇ ಕಟ್ಟಿದ ಎತ್ತರದ ಹಂಪುಗಳಿರುವ ಕಡೆ, ಹಿಂದೆ ಒಬ್ಬರು ಕೂತಾಗ 130 ಮಿ.ಮೀ ಸಾಲುವುದಿಲ್ಲ. ಹಂಪನ್ನು ಓರೆಯಾಗಿ ಹತ್ತಿಸಬೇಕು, ಜೋಡಿ ಸವಾರಿಗೆ ಹಿಂದಿನ ಸಸ್ಪೆನ್ಷನ್ ಸ್ಪ್ರಿಂಗಿನ ಬಿಗಿ (ಪ್ರೀಲೋಡ್) ಹೆಚ್ಚಿಸಬೇಕು.

ಹಣದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದರ ಮೇಲಿನದಕ್ಕೆ ಶೇ 40. ಅಂದರೆ ಮಧ್ಯಮ ಗುಂಪೇ ಎರಡು ಹೋಳಾಗಿದೆ. ಆರ್‌ಆರ್ 310, ನಿಂಜಾ 300 ಗೆರೆಯ ಈಚೆ. 373 ಸಿಸಿಯ ಆರ್‌ಸಿ 390, ಆರ್‌ಎಸ್ 457 ಆಚೆ. ಹಳೆಯ ಬೆಲೆ ನೆನಪಿಟ್ಟುಕೊಂಡು ಶೋರೂಮಿಗೆ ಹೋಗಬೇಡಿ.

ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಬೈಕಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಎಕ್ಸ್-ಶೋರೂಮ್ 3 ಲಕ್ಷದ ಬೈಕಿಗೆ 54 ಸಾವಿರ, 8 ಲಕ್ಷದ್ದಕ್ಕೆ 1.44 ಲಕ್ಷ. ವಿಮೆಯ ಥರ್ಡ್ ಪಾರ್ಟಿ ಭಾಗವೂ 350 ಸಿಸಿಗೇ ಬದಲಾಗುತ್ತದೆ. 2022ರಲ್ಲಿ ನಿಗದಿಯಾದ ದರದಲ್ಲಿ ಹೊಸ ಬೈಕಿನ ಐದು ವರ್ಷದ ಕಂತು 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಮೇಲಿನದಕ್ಕೆ 15,117 ರೂಪಾಯಿ, ಜೊತೆಗೆ ತೆರಿಗೆ. ಸ್ವಂತ ಹಾನಿಯ ವಿಮೆಯಲ್ಲಿ ಜೀರೋ ಡೆಪ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದ ಸೌಲಭ್ಯ) ಬಿಡಬೇಡಿ. ಫೇರಿಂಗ್, ಅಂದರೆ ಬೈಕಿನ ಹೊರಕವಚ, ಪೂರ್ತಿ ಪ್ಲಾಸ್ಟಿಕ್. ನಿಂತಲ್ಲೇ ಬಿದ್ದರೂ ಒಂದು ಬದಿಯ ಪ್ಯಾನೆಲ್, ಮಿರರ್, ಇಂಡಿಕೇಟರ್, ಲಿವರ್ ಹೋಗುತ್ತವೆ. ಪೂರ್ತಿ ಆಮದಾಗುವ ಮಾಡೆಲ್ ಆದರೆ ಪ್ಯಾನೆಲ್ ಬರಲು ವಾರಗಟ್ಟಲೆ ಕಾಯಬೇಕಾಗಬಹುದು.

ನಡೆಸುವ ಖರ್ಚಿನಲ್ಲಿ ಮೊದಲು ಕಚ್ಚುವುದು ಟೈರ್. ಆರ್‌ಸಿ, ಆರ್‌ಆರ್‌ಗೆ ಹಿಂದೆ 150/60-17, ನಿಂಜಾ 650ಗೆ 160/60, ಡೇಟೋನಾ ಮತ್ತು ಸಿಬಿಆರ್‌ಗೆ 180/55. ಅಗಲ ಹೆಚ್ಚಿದಂತೆ ಬೆಲೆ ಏರುತ್ತದೆ, ಶಕ್ತಿ ಹೆಚ್ಚಿದಂತೆ ಬೇಗ ಸವೆಯುತ್ತದೆ. ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವುಗಳ ಸಂದು) ನೋಡಿಸುವಾಗಲೂ ಹೀಗೇ. ಒಂಟಿ ಸಿಲಿಂಡರಿನಲ್ಲಿ 4 ವಾಲ್ವ್, ಟ್ವಿನ್‌ನಲ್ಲಿ 8, ನಾಲ್ಕು ಸಿಲಿಂಡರಿನಲ್ಲಿ 16. ಟ್ಯಾಂಕ್, ಏರ್ ಫಿಲ್ಟರಿನ ಪೆಟ್ಟಿಗೆ ಬಿಚ್ಚಿ ಮಾಡುವ ಕೆಲಸವಾದ್ದರಿಂದ ಕೂಲಿಯೂ ಏರುತ್ತದೆ. ಬುಕ್ ಮಾಡುವ ಮುಂಚೆ ಸರ್ವಿಸ್ ಸೆಂಟರಿನಲ್ಲಿ ಮೂರು ಬೆಲೆ ಬರೆಸಿಕೊಳ್ಳಿ: ಹಿಂದಿನ ಟೈರ್, ಚೈನ್ ಸ್ಪ್ರಾಕೆಟ್ ಸೆಟ್, ಬಲಬದಿಯ ಪೂರ್ತಿ ಫೇರಿಂಗ್.

ಐಎಸ್‌ಐ ಗುರುತಿನ ಫುಲ್‌ಫೇಸ್ ಹೆಲ್ಮೆಟ್, ಆರ್ಮರ್ ಇರುವ ಜಾಕೆಟ್ ಮತ್ತು ಪ್ಯಾಂಟ್, ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಇಷ್ಟರ ಹಣ ಬೈಕಿನ ಬಜೆಟ್ಟಿನೊಳಗೇ ಇರಬೇಕು. ಅದಕ್ಕೆ ಹಣ ಉಳಿಯದಿದ್ದರೆ ನೀವು ನೋಡುತ್ತಿರುವ ಬೈಕ್ ನಿಮ್ಮ ಬಜೆಟ್ಟಿಗೆ ದೊಡ್ಡದು.

ಟೆಸ್ಟ್ ರೈಡ್

ಎಂಜಿನ್ ಆಫ್ ಇರುವಾಗಲೇ ಶುರುಮಾಡಿ. ಬೈಕ್ ಮೇಲೆ ಕೂತು, ಸ್ವಲ್ಪ ಇಳಿಜಾರಿನಲ್ಲಿ ಕಾಲಿನಿಂದಲೇ ಹಿಂದಕ್ಕೆ ತಳ್ಳಿ ನೋಡಿ. ನಿಮ್ಮ ಮನೆಯ ಪಾರ್ಕಿಂಗಿನಲ್ಲಿ ದಿನಾ ಮಾಡಬೇಕಾದ ಕೆಲಸ ಅದು. ಸೀಟ್ ಎತ್ತರದ ಅಂಕಿ ಪೂರ್ತಿ ನಿಜ ಹೇಳುವುದಿಲ್ಲ: ನಿಂಜಾ 650ರ ಸೀಟ್ 790 ಮಿ.ಮೀ, ಆರ್‌ಆರ್ 310ದು 810. ಕುಳ್ಳಗಿದ್ದರೂ 650 ಇಪ್ಪತ್ತು ಕೆಜಿ ಹೆಚ್ಚು, ವಾಲಿದಾಗ ತಡೆಯುವುದು ಕಷ್ಟ.

ಆಮೇಲೆ ಎರಡು ಕಾರು ನಿಲ್ಲುವಷ್ಟು ಅಗಲದ ರಸ್ತೆಯಲ್ಲಿ ಕಾಲೂರದೆ ಯು-ಟರ್ನ್ ಮಾಡಿ. ಕ್ಲಿಪ್-ಆನ್ ಹ್ಯಾಂಡಲ್ (ಸ್ಪೋರ್ಟ್ಸ್ ಬೈಕಿನ ತಗ್ಗಿದ, ಎರಡು ತುಂಡಿನ ಹ್ಯಾಂಡಲ್) ಪೂರ್ತಿ ತಿರುಗಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆಯೇ ನೋಡಿ. ಮೂರನೇ ಗೇರಿನಲ್ಲಿ 40ಕ್ಕೆ ಇಳಿಸಿ, ಕ್ಲಚ್ ಮುಟ್ಟದೆ 70ಕ್ಕೆ ಏರಿಸಿ. ಒಂಟಿ ಸಿಲಿಂಡರ್ ಬೈಕ್ ಇಲ್ಲಿ ಕಟಕಟ ಅಂದರೆ ಟ್ರಾಫಿಕ್‌ನಲ್ಲಿ ಗೇರ್ ಬದಲಿಸುತ್ತಲೇ ಇರಬೇಕಾಗುತ್ತದೆ. ಹಿಂದೆ ಯಾರೂ ಇಲ್ಲದಾಗ 40ರಿಂದ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಕೊನೆಗೆ ಹತ್ತು ನಿಮಿಷ ಟ್ರಾಫಿಕ್‌ನಲ್ಲೇ ನಿಲ್ಲಿ. ಇಳಿದ ಮೇಲೆ ಮಣಿಕಟ್ಟು, ಕತ್ತಿನ ಹಿಂಭಾಗ ನೋಯುತ್ತಿದ್ದರೆ ಭಾರ ಅಂಗೈ ಮೇಲೆ ಬಿದ್ದಿದೆ ಎಂದರ್ಥ. ಹೊಟ್ಟೆ, ತೊಡೆ ಬಿಗಿಹಿಡಿದು ಇನ್ನೊಂದು ಸುತ್ತು ಹೋಗಿ. ಆಗಲೂ ನೋವಿದ್ದರೆ ಆ ಮಾಡೆಲ್ ನಿಮ್ಮ ಮೈಗೆ ಒಗ್ಗುವುದಿಲ್ಲ.

ಸೆಕೆಂಡ್ ಹ್ಯಾಂಡ್ 650

ಹೊಸ ಮಧ್ಯಮ ಬೈಕಿನ ಬೆಲೆಗೆ ಹಳೆಯ 650 ಸಿಗುವಾಗ ಆಸೆ ಸಹಜ. ಕೊಳ್ಳುವುದು ಅಗ್ಗವಾದರೂ ಟೈರ್, ಪಾರ್ಟ್ಸ್, ಸರ್ವಿಸ್ ಹೊಸ 650ರಷ್ಟೇ ದುಬಾರಿ ಎಂಬುದು ನೆನಪಿರಲಿ. ನೋಡಲು ಹೋಗುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿ, ಹೋದ ಕೂಡಲೇ ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ. ಕೋಲ್ಡ್ ಸ್ಟಾರ್ಟಿನ ಸದ್ದು, ಹೊಗೆ ಆಗಷ್ಟೇ ತಿಳಿಯುತ್ತದೆ.

ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಫ್ರೇಮಿನ ತಲೆಯ ಹತ್ತಿರ ಸ್ಟೀರಿಂಗ್ ತಾಗಿ ನಿಲ್ಲುವ ಚಿಕ್ಕ ಲೋಹದ ಗುಬ್ಬಿಯನ್ನು ಟಾರ್ಚ್ ಬಿಟ್ಟು ನೋಡಿ. ಅದು ಜಜ್ಜಿದ್ದರೆ, ಅಲ್ಲಿಯ ಬಣ್ಣ ಹೊಸದಾಗಿದ್ದರೆ ಬೈಕ್ ಜೋರಾಗಿ ಬಿದ್ದಿದೆ. ಫೇರಿಂಗ್ ಹೊಸದು ಹಾಕಿ ಮುಚ್ಚಬಹುದು, ಇದನ್ನು ಮುಚ್ಚುವುದು ಕಷ್ಟ. ಫೋರ್ಕ್ ಕೊಳವೆಯ ಮೇಲೆ ಎಣ್ಣೆಯ ಉಂಗುರ ಇದೆಯೇ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ತಡೆದಂತಾಗುತ್ತದೆಯೇ ನೋಡಿ. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ಮೀರಿದ್ದರೆ ಟೈರಿನ ಗೀರುಗಳು ಎಷ್ಟೇ ಆಳವಿದ್ದರೂ ಹೊಸ ಸೆಟ್ಟಿನ ಬೆಲೆ ಕಳೆದು ಮಾತಾಡಿ.

ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಬುಕ್ಕಿನೊಂದಿಗೆ ಹೊಂದಬೇಕು. ಬಾಕಿ ಇ-ಚಲನ್ ಮತ್ತು ಸಾಲದ ನಮೂದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29, 30 ಬೇಕು. ಬೇರೆ ರಾಜ್ಯದ ನಂಬರ್ ಬೈಕನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯ. ಆಗ ಬೈಕಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ದೆಹಲಿಯಿಂದ ಅಗ್ಗಕ್ಕೆ ಬಂದ 650ರ ಬೆಲೆಗೆ ಆ ಮೊತ್ತವನ್ನೂ, ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಿಸುವ ಖರ್ಚನ್ನೂ ಸೇರಿಸಿದ ಮೇಲೆಯೇ ಇಲ್ಲಿಯ ಬೈಕಿನ ಜೊತೆ ಹೋಲಿಸಿ.