ಪುಟ್ಟ ಡಬ್ಬಿಗೆ ತಣ್ಣಗಿರುವ ಪ್ರೊಸೆಸರ್: ನಾನು ಆರಿಸಿದ ಬಗೆ

ಸಣ್ಣ ಕಂಪ್ಯೂಟರ್ ಜೋಡಿಸುವಾಗ ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಸ್ಕೇಲಿನಿಂದ ಶುರು ಮಾಡಿದೆ. ಮಿನಿ-ಐಟಿಎಕ್ಸ್ ಬೋರ್ಡ್ 170 ಮಿ.ಮೀ. ಚೌಕ, ಅದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಎತ್ತರದಲ್ಲಿ. ನನ್ನ ಕೇಸಿನಲ್ಲಿ ಪ್ರೊಸೆಸರ್ ಮೇಲ್ಮೈಯಿಂದ ಪಕ್ಕದ ತಗಡಿನವರೆಗೆ ಸಿಗುವುದು 43 ಮಿ.ಮೀ. ಫ್ಯಾನ್ ಗಾಳಿ ಎಳೆದುಕೊಳ್ಳಲು ನಾಲ್ಕೈದು ಮಿ.ಮೀ. ಸಂದು ಬೇಕು. ಅದನ್ನು ಕಳೆದರೆ ಕೂಲರ್‌ಗೆ ಉಳಿಯುವುದು 38. ಎಎಂಡಿ ಪ್ರೊಸೆಸರ್ ಜೊತೆ ಬರುವ ರೈತ್ ಸ್ಟೆಲ್ತ್ 54 ಮಿ.ಮೀ. ಎತ್ತರ. ಇಂಟೆಲ್ ಪೆಟ್ಟಿಗೆಯಲ್ಲಿ ಬರುವುದೂ ಇಲ್ಲಿ ಹಿಡಿಸುವುದಿಲ್ಲ. ಹಾಗಾಗಿ 37 ಮಿ.ಮೀ. ಎತ್ತರದ ನಾಕ್ಟುವಾ ಎನ್ಎಚ್-ಎಲ್9ಐ ಅಥವಾ 36 ಮಿ.ಮೀ.ನ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್36, ಇವೆರಡರಲ್ಲಿ ಒಂದು. ಎರಡರಲ್ಲೂ ಇರುವುದು 92 ಮಿ.ಮೀ. ಅಗಲದ ತೆಳು ಫ್ಯಾನ್. ಇಂಥ ಕೂಲರ್ ಸದ್ದಿಲ್ಲದೆ ಹೊರಹಾಕಬಲ್ಲ ಶಾಖಕ್ಕೆ ನಾನು ಇಟ್ಟುಕೊಂಡ ಲೆಕ್ಕ ನಿರಂತರವಾಗಿ 40 ವ್ಯಾಟ್, ಅರ್ಧ ನಿಮಿಷದ ಮಟ್ಟಿಗೆ 60. ಪ್ರೊಸೆಸರ್ ಆಯ್ಕೆಗೆ ಈ ಎರಡು ಸಂಖ್ಯೆಗಳೇ ಗಡಿ.

ಪೆಟ್ಟಿಗೆಯ ಮೇಲಿನ ಟಿಡಿಪಿ, ಅಂದರೆ ಚಿಪ್ ಹೊರಹಾಕುವ ಶಾಖದ ಅಂದಾಜು ವ್ಯಾಟ್, ನೋಡಿ ಆರಿಸುವುದು ಸುಲಭ, ಆದರೆ ಆ ಅಂಕಿ ಹೇಳುವುದು ಅರ್ಧ ಸತ್ಯ. ಇಂಟೆಲ್ ಐ3-12100ರ ಮೂಲ ಪವರ್ 60 ವ್ಯಾಟ್, ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತು ವೇಗ ಏರಿಸಿಕೊಂಡು ಓಡುವಾಗ, 89. "35 ವ್ಯಾಟ್" ಎಂದು ಹೆಸರಾದ ಐ3-12100ಟಿ ಕೂಡ ಟರ್ಬೊದಲ್ಲಿ 69 ಮುಟ್ಟಬಹುದು. ಎಎಂಡಿಯ "65 ವ್ಯಾಟ್" ಚಿಪ್‌ಗಳು ಸಾಕೆಟ್ಟಿನಿಂದ ಎಳೆಯಲು ಇರುವ ಮಿತಿ, ಅಂದರೆ ಪಿಪಿಟಿ, 88 ವ್ಯಾಟ್. ಇದರ ಮೇಲೆ ಮದರ್‌ಬೋರ್ಡ್‌ಗಳ ಔದಾರ್ಯ ಬೇರೆ: ಕೆಲವು ಇಂಟೆಲ್ ಬೋರ್ಡ್‌ಗಳು ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಸೆಟ್ಟಿಂಗ್ ತಂತ್ರಾಂಶ) ಮಿತಿಯನ್ನು 4096 ವ್ಯಾಟ್ ಎಂದು ಇಟ್ಟೇ ಬರುತ್ತವೆ. ಮಿತಿಯೇ ಇಲ್ಲ ಎಂಬುದಕ್ಕೆ ಅದು ಇನ್ನೊಂದು ಹೆಸರು.

ಟಿ ಅಕ್ಷರದ ಚಿಪ್ ಹುಡುಕಿಕೊಂಡು ಹೋಗುವವರಿಗೆ ಒಂದು ಮಾತು. ಅದರೊಳಗಿನ ಸಿಲಿಕಾನ್ ಸಾಮಾನ್ಯ 12100ದ್ದೇ. ಮೂಲ ವೇಗ 3.3 ಗಿಗಾಹರ್ಟ್ಸ್ ಬದಲು 2.2, ಟರ್ಬೊ 4.3 ಬದಲು 4.1, ಪವರ್ ಮಿತಿ ಕಡಿಮೆ. ವ್ಯತ್ಯಾಸ ಅಷ್ಟೇ. ಸಾಮಾನ್ಯ ಚಿಪ್ ಕೊಂಡು ಬಯಾಸ್‌ನಲ್ಲಿ 35 ವ್ಯಾಟ್ ಎಂದು ಬರೆದರೆ ಅದೇ ಕೆಲಸ ಆಗುತ್ತದೆ, ಬೇಕೆನಿಸಿದ ದಿನ ಮಿತಿ ಏರಿಸಿಕೊಳ್ಳಲೂ ಬಹುದು. ಮಿತಿ ಇಳಿಸಿದರೆ ವೇಗ ಅಷ್ಟೇ ಪ್ರಮಾಣದಲ್ಲಿ ಬೀಳುತ್ತದೆ ಎಂಬ ಭಯವೂ ಬೇಡ. ಚಿಪ್ ಸುಡುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೇಗ ಶೇ. 10, ಅದರ ಜೊತೆ ವೋಲ್ಟೇಜ್ ಶೇ. 10 ಇಳಿದರೆ 0.9 × 0.9 × 0.9, ಅಂದರೆ ಶಾಖ ಸುಮಾರು ಶೇ. 27 ಕಡಿಮೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ತೆರುವ ಬೆಲೆಯೇ ಹೆಚ್ಚು.

ಪಟ್ಟಿಯಲ್ಲಿ ಮೊದಲು ಇದ್ದದ್ದು ಇಂಟೆಲ್ ಎನ್100. 6 ವ್ಯಾಟ್, ನಾಲ್ಕು ಕೋರ್, ಫ್ಯಾನ್ ಇಲ್ಲದೆಯೂ ನಡೆಯುತ್ತದೆ. ಫೈಲ್ ಸರ್ವರ್‌ಗೆ, ಟಿವಿಗೆ ಜೋಡಿಸಿ ವಿಡಿಯೊ ನೋಡಲು ಇದಕ್ಕಿಂತ ಬೇರೆ ಬೇಕಿಲ್ಲ. ಆದರೆ ಚಿಪ್ ಬೋರ್ಡಿಗೆ ಬೆಸೆದೇ ಬರುತ್ತದೆ, ಬದಲಿಸಲಾಗದು. ಮೆಮೊರಿ ಒಂದೇ ಚಾನೆಲ್, ಕಾರ್ಡು, ಡ್ರೈವ್ ಜೋಡಿಸುವ ಪಿಸಿಐಇ ಲೇನ್‌ಗಳು ಒಂಬತ್ತು. ಫೋಟೊ ತಿದ್ದುವ ಕೆಲಸವೂ ಇದ್ದುದರಿಂದ ಕೈಬಿಟ್ಟೆ. ಅಥ್ಲಾನ್ 3000ಜಿ 35 ವ್ಯಾಟಿನದು ನಿಜ, ಆದರೆ ಎರಡೇ ಕೋರ್. ಈಗ ಹೊಸದಾಗಿ ಅದಕ್ಕೆ ಹಣ ಹಾಕಬೇಡಿ.

ನಿಜವಾದ ಪೈಪೋಟಿ ಐ3-12100 ಮತ್ತು ರೈಜನ್ 5 5600ಜಿ ನಡುವೆ. 5600ಜಿಯದು ಆರು ಕೋರ್, ಹನ್ನೆರಡು ಥ್ರೆಡ್, ಒಳಗಿನ ಗ್ರಾಫಿಕ್ಸ್ ಇಂಟೆಲ್‌ಗಿಂತ ಗಟ್ಟಿ. ಇಲ್ಲಿ ಒಂದು ಸೂಕ್ಷ್ಮ: 5600ಎಕ್ಸ್ ಮತ್ತು 5600ಜಿ ಎರಡರ ಟಿಡಿಪಿಯೂ 65 ವ್ಯಾಟ್, ಆದರೆ 5600ಎಕ್ಸ್‌ನಲ್ಲಿ ಕೋರ್‌ಗಳದ್ದೊಂದು, ಮೆಮೊರಿ, ಹೊರಸಂಪರ್ಕ ನೋಡಿಕೊಳ್ಳುವ ಐಒದ್ದೊಂದು ಎಂದು ಎರಡು ತುಂಡು ಸಿಲಿಕಾನ್. ಸುಮ್ಮನೆ ಕೂತಾಗಲೂ ಆ ಐಒ ತುಂಡು ಮತ್ತು ನಡುವಿನ ಕೊಂಡಿ ವಿದ್ಯುತ್ ತಿನ್ನುತ್ತಲೇ ಇರುತ್ತವೆ. ಜಿ ಚಿಪ್‌ನಲ್ಲಿ ಎಲ್ಲವೂ ಒಂದೇ ತುಂಡು, ಹಾಗಾಗಿ ಕೆಲಸವಿಲ್ಲದಾಗ ತಣ್ಣಗಿರುತ್ತದೆ. ದಿನದ ಬಹುಪಾಲು ಖಾಲಿ ಕೂರುವ ಕಂಪ್ಯೂಟರಿಗೆ ಇದೇ ಮುಖ್ಯ. ಪ್ರೋಗ್ರಾಂ ಕಂಪೈಲ್ ಮಾಡುವವರು, ಹಗುರ ಆಟ ಆಡುವವರು 5600ಜಿ ತೆಗೆದುಕೊಳ್ಳಿ. ನನಗೆ ವಿಡಿಯೊ ಮುಖ್ಯವಾಗಿತ್ತು. 12100ರ ಗ್ರಾಫಿಕ್ಸ್ ಎವಿ1 ಎಂಬ ಬಗೆಯಲ್ಲಿ ಕುಗ್ಗಿಸಿದ ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ, 5600ಜಿಗೆ ಆ ಸೌಕರ್ಯವಿಲ್ಲ. ಹಾಗಿಲ್ಲದಿದ್ದರೆ ಅಷ್ಟೂ ಭಾರ ಕೋರ್‌ಗಳ ಮೇಲೆ ಬಿದ್ದು ಬರೀ ವಿಡಿಯೊ ನೋಡಲು ಫ್ಯಾನ್ ಕೂಗಬೇಕು. 12100 ಕೊಂಡೆ. ಕೊನೆಯಲ್ಲಿ ಎಫ್ ಅಕ್ಷರವಿರುವ 12100ಎಫ್ ಅಲ್ಲ. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕಿದರೆ ಇಷ್ಟು ಲೆಕ್ಕ ಹಾಕಿದ್ದೂ ನೀರಿನಲ್ಲಿ ಹೋಮ.

ಬೋರ್ಡ್ ಕೊಳ್ಳುವ ಮೊದಲು ಅದರ ಕೈಪಿಡಿ ಇಳಿಸಿಕೊಂಡು ಬಯಾಸ್ ಅಧ್ಯಾಯದಲ್ಲಿ ಪವರ್ ಲಿಮಿಟ್ ಬದಲಿಸುವ ಸಾಲು ಇದೆಯೇ ನೋಡಿ. ಅಗ್ಗದ ಎಚ್610 ಬೋರ್ಡ್ ಸಾಕು, ಆದರೆ ಈ ಸಾಲಿಲ್ಲದ ಬೋರ್ಡ್ ನಮಗೆ ಬೇಡ. ಡಿಡಿಆರ್4ನದೋ ಡಿಡಿಆರ್5ನದೋ ಎಂದು ಎರಡು ಸಲ ಓದಿ, ಎರಡೂ ಬಗೆಯವು ಇವೆ. ಮೆಮೊರಿ ಒಂದು 16 ಜಿಬಿ ಬದಲು ಎರಡು 8 ಜಿಬಿ ಹಾಕಿ, ಒಳಗಿನ ಗ್ರಾಫಿಕ್ಸ್‌ಗೆ ಎರಡು ಚಾನೆಲ್ ಬೇಕು. ರ‍್ಯಾಮ್ ಮೇಲೆ ಎತ್ತರದ ಅಲಂಕಾರದ ತಗಡು ಇರದಿರಲಿ, ಕೂಲರ್‌ಗೆ ತಾಗುತ್ತದೆ. ಹಳೆಯ ಕೂಲರ್ ಇದ್ದರೆ ಗಮನಿಸಿ: 12100 ಕೂರುವ ಎಲ್‌ಜಿಎ1700 ಬೋರ್ಡಿನ ತೂತುಗಳ ನಡುವಿನ ಅಂತರ 78 ಮಿ.ಮೀ., ಅದಕ್ಕೂ ಹಿಂದಿನ ಇಂಟೆಲ್ ಬೋರ್ಡುಗಳಲ್ಲಿ 75. ಹೊಸ ಬ್ರಾಕೆಟ್ ಇಲ್ಲದೆ ಕೂರುವುದಿಲ್ಲ, ಬಲವಂತಕ್ಕೆ ಕೂರಿಸಿದರೆ ಒತ್ತಡ ಸರಿಯಾಗಿ ಬೀಳುವುದಿಲ್ಲ.

ಬಯಾಸ್‌ನಲ್ಲಿ ನಾನು ಇಟ್ಟದ್ದು ಹೀಗೆ. ದೀರ್ಘಾವಧಿ ಮಿತಿ ಪಿಎಲ್1 35 ವ್ಯಾಟ್, ಅಲ್ಪಾವಧಿ ಮಿತಿ ಪಿಎಲ್2 60 ವ್ಯಾಟ್, ಅವಧಿ 28 ಸೆಕೆಂಡ್. ಬ್ರೌಸರ್ ತೆರೆಯುವುದು, ಫೋಟೊ ಉಳಿಸುವುದು ಮುಂತಾದವು ಈ 28 ಸೆಕೆಂಡಿನೊಳಗೆ ಮುಗಿಯುವುದರಿಂದ ನಿಧಾನ ಅನಿಸುವುದೇ ಇಲ್ಲ. ಒಂದೇ ಕೋರ್ ದುಡಿಯುವಾಗ 35ರ ಗಡಿ ಎದುರಾಗುವುದೂ ಅಪರೂಪ. ಕೆಲಸವಿಲ್ಲದಾಗ ಕೋರ್‌ಗಳನ್ನು ಮಲಗಿಸುವ ಸಿ-ಸ್ಟೇಟ್‌ಗಳನ್ನೆಲ್ಲ ಚಾಲೂ ಇಟ್ಟೆ. ವೋಲ್ಟೇಜ್ ಮುಟ್ಟಲಿಲ್ಲ. ಕೆ ಅಕ್ಷರವಿಲ್ಲದ ಇಂಟೆಲ್‌ನಲ್ಲಿ ಅದಕ್ಕೆ ಹೆಚ್ಚಿನ ಅವಕಾಶವಿಲ್ಲ, ಇದ್ದಲ್ಲಿಯೂ ತಪ್ಪಿದರೆ ತೋರಿಕೆಗೆ ವೇಗ ಅಷ್ಟೇ ಇದ್ದು ಕೆಲಸ ಕುಂಟುತ್ತದೆ. 5600ಜಿ ಆಗಿದ್ದರೆ ವಿದ್ಯುತ್ ಮಿತಿ ಇಳಿಸುವ ಇಕೊ ಮೋಡ್‌ನಲ್ಲಿ 45 ವ್ಯಾಟ್ ಆರಿಸಿ. ಆಗ ಪಿಪಿಟಿ ಸುಮಾರು 61ಕ್ಕೆ ಇಳಿಯುತ್ತದೆ. ಅದೂ ಹೆಚ್ಚೆನಿಸಿದರೆ ಪಿಪಿಟಿಯನ್ನೇ ಕೈಯಾರೆ 45 ಎಂದು ಬರೆಯಬಹುದು. ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಮೈನಸ್ 10ರಿಂದ ಶುರು ಮಾಡಿ. ಅದು ತಪ್ಪಿದರೆ ಕಂಪ್ಯೂಟರ್ ಹೆಚ್ಚಾಗಿ ಕೈಕೊಡುವುದು ಪೂರ್ತಿ ಹೊರೆಯಲ್ಲಲ್ಲ, ಖಾಲಿ ಕೂತಿರುವಾಗ. ಆದ್ದರಿಂದ ಒಂದು ಗಂಟೆಯ ಪರೀಕ್ಷೆ ಪಾಸಾಯಿತೆಂದು ನಂಬಬೇಡಿ, ಒಂದು ವಾರ ಬಳಸಿ ನೋಡಿ.

ಪರೀಕ್ಷೆಯನ್ನು ಕೇಸ್ ಮುಚ್ಚಿಯೇ ಮಾಡಬೇಕು, ತೆರೆದಿಟ್ಟು ನೋಡಿದ ಉಷ್ಣತೆ ಸುಳ್ಳು ಸಮಾಧಾನ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊ (ಉಷ್ಣತೆ, ವ್ಯಾಟ್ ತೋರಿಸುವ ತಂತ್ರಾಂಶ) ತೆರೆದು ಹೊರೆಗೆ ಸಿನೆಬೆಂಚ್, ಲಿನಕ್ಸ್‌ನಲ್ಲಿ ಟರ್ಬೊಸ್ಟ್ಯಾಟ್ ಇಟ್ಟುಕೊಂಡು ಸ್ಟ್ರೆಸ್-ಎನ್‌ಜಿ, ಕನಿಷ್ಠ 30 ನಿಮಿಷ. ಕೋಣೆಯ ಉಷ್ಣತೆ ಬರೆದಿಟ್ಟುಕೊಳ್ಳಿ. ಫ್ಯಾನ್ ವೇಗ ಬದಲಾಗದಿದ್ದರೆ, ಕೋಣೆಗಿಂತ ಚಿಪ್ ಎಷ್ಟು ಡಿಗ್ರಿ ಮೇಲಿದೆ ಎಂಬುದು ಹೆಚ್ಚುಕಡಿಮೆ ವ್ಯಾಟಿಗೆ ತಕ್ಕಂತೆ ಇರುತ್ತದೆ. ಉದಾಹರಣೆಗೆ ಕೋಣೆ 28, 60 ವ್ಯಾಟಿನಲ್ಲಿ ಚಿಪ್ 88 ಆದರೆ ವ್ಯಾಟಿಗೆ ಒಂದು ಡಿಗ್ರಿ. 35 ವ್ಯಾಟಿಗೆ ಇಳಿಸಿದರೆ 63ರ ಆಸುಪಾಸಿನಲ್ಲಿ ನಿಲ್ಲಬೇಕು. ಎಷ್ಟು ಮಿತಿ ಇಡಬೇಕೆಂದು ತಿಳಿಯಲು ಇಷ್ಟು ಗಣಿತ ಸಾಕು.

ಉಷ್ಣತೆ ಎಷ್ಟಕ್ಕೆ ನಿಂತಿತು ಎನ್ನುವುದಕ್ಕಿಂತ ಹೇಗೆ ಏರಿತು ಎನ್ನುವುದನ್ನು ನೋಡಿ. ಹೊರೆ ಕೊಟ್ಟ ಐದೇ ಸೆಕೆಂಡಿನಲ್ಲಿ 90 ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ: ತಳದ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲ, ಅಥವಾ ಒಂದು ಮೂಲೆಯ ಸ್ಕ್ರೂ ಸಡಿಲ. ಶಾಖ ದಾಟಿಸುವ ಪೇಸ್ಟ್ ಬಟಾಣಿ ಗಾತ್ರದಷ್ಟು ಹಾಕಿ, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಿ. 5600ಜಿ ಕೂರುವ ಎಎಂ4 ಸಾಕೆಟ್ಟಿನಲ್ಲಿ ಕೂಲರ್ ಮತ್ತೆ ಬಿಚ್ಚುವುದಾದರೆ ಮೊದಲು ಹತ್ತು ನಿಮಿಷ ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಕೂಲರನ್ನು ತಿರುಚುತ್ತ ತೆಗೆಯಿರಿ. ನೇರ ಎಳೆದರೆ ಪ್ರೊಸೆಸರ್ ಪಿನ್‌ಗಳ ಸಮೇತ ಕಿತ್ತು ಬರಬಹುದು.

ಏರಿಕೆ ನಿಧಾನವಾಗಿ ಇಪ್ಪತ್ತು ನಿಮಿಷ ನಡೆದೇ ಇದ್ದರೆ ತಪ್ಪು ಕೂಲರಿನದಲ್ಲ, ಗಾಳಿಯದು. ಬಿಸಿಗಾಳಿ ಹೊರಹೋಗದೆ ಮತ್ತೆ ಫ್ಯಾನಿಗೇ ಬರುತ್ತಿದೆ. ಪಕ್ಕದ ತಗಡು ತೆಗೆದು ನೋಡಿ: ಹತ್ತು ಡಿಗ್ರಿಗಿಂತ ಹೆಚ್ಚು ಇಳಿದರೆ ಇದೇ ಕಾರಣ. ನನ್ನ ಡಬ್ಬಿಯಲ್ಲಿ ಆದದ್ದೂ ಇದೇ. ಫ್ಯಾನ್ ಅಂಚಿನಿಂದ ತಗಡಿನ ಜಾಲರಿವರೆಗಿನ ಸಂದನ್ನು ಸುತ್ತಲೂ ಫೋಮ್ ಪಟ್ಟಿಯಿಂದ ಮುಚ್ಚಿದೆ. ಈಗ ಫ್ಯಾನ್ ಹೊರಗಿನ ತಣ್ಣನೆಯ ಗಾಳಿಯನ್ನಷ್ಟೇ ಎಳೆಯುತ್ತದೆ. ಇಡೀ ಜೋಡಣೆಯಲ್ಲಿ ಅತಿ ಅಗ್ಗದ ಭಾಗ ಆ ಫೋಮ್, ಫಲ ಕೊಟ್ಟದ್ದು ಅದೇ ಹೆಚ್ಚು. ಇನ್ನು ಉಷ್ಣತೆ ಸರಿಯಿದ್ದೂ ವೇಗ ಬೀಳುತ್ತಿದ್ದರೆ ಎಚ್‌ಡಬ್ಲ್ಯುಇನ್ಫೊದಲ್ಲಿ ಕಾರಣದ ಸಾಲು ನೋಡಿ. ಪವರ್ ಮಿತಿ ಎಂದಿದ್ದರೆ ನೀವೇ ಇಟ್ಟದ್ದು. ವಿಆರ್‌ಎಂ ಎಂದಿದ್ದರೆ ಬೋರ್ಡಿನ ಪವರ್ ಭಾಗ ಬೆಂದಿದೆ. ಕೆಳಮುಖವಾಗಿ ಗಾಳಿ ಊದುವ ಕೂಲರ್ ಅದನ್ನೂ ತಣಿಸುತ್ತದೆ. ಬೋರ್ಡಿನ ಬೆನ್ನಿಗೆ ಕೂತ ಎನ್‌ವಿಎಂಇ ಡ್ರೈವ್‌ಗೆ ಮಾತ್ರ ಆ ಗಾಳಿ ತಲುಪದು, ಅದಕ್ಕೂ ಕೇಸಿನ ತಗಡಿಗೂ ನಡುವೆ ಥರ್ಮಲ್ ಪ್ಯಾಡ್ ಇಟ್ಟೆ.

ಫ್ಯಾನ್ ಒಂದೇ ಸಮ ಏರಿಳಿದು ಗುಂಯ್ಗುಟ್ಟಿದರೆ ಉಷ್ಣತೆಯ ತೊಂದರೆ ಎಂದುಕೊಳ್ಳಬೇಡಿ. ಕ್ಷಣಮಾತ್ರದ ಟರ್ಬೊಗೆ ಚಿಪ್ ಹತ್ತು ಡಿಗ್ರಿ ಜಿಗಿಯುವುದು ಸಹಜ, ಫ್ಯಾನ್ ಅದನ್ನು ಬೆನ್ನಟ್ಟುತ್ತಿದೆ ಅಷ್ಟೆ. ಬಯಾಸ್‌ನಲ್ಲಿ ಫ್ಯಾನಿನ ಪ್ರತಿಕ್ರಿಯೆಗೆ ಐದಾರು ಸೆಕೆಂಡ್ ತಡ ಇಟ್ಟು, 60 ಡಿಗ್ರಿವರೆಗೆ ವೇಗ ಸಮತಟ್ಟಾಗಿರಲಿ.

ಹೊರಗಿನ ಅಡಾಪ್ಟರ್ ಬಳಸುವವರಿಗೆ ಈ ಮಿತಿಗಳಿಂದ ಇನ್ನೊಂದು ಅನುಕೂಲ: ಪ್ರೊಸೆಸರ್ 60 ದಾಟದು ಎಂದು ಖಚಿತವಾದರೆ 120 ವ್ಯಾಟಿನದು ಸಾಕು. ಆದರೆ ಬಯಾಸ್ ಅಪ್‌ಡೇಟ್ ಮಾಡಿದಾಗ, ಬೋರ್ಡಿನ ಬ್ಯಾಟರಿ ಸತ್ತಾಗ ಈ ಸಂಖ್ಯೆಗಳೆಲ್ಲ ಅಳಿಸಿಹೋಗಿ ಹಳೆಯ ಮಿತಿಯೇ ಮರಳುತ್ತದೆ. 35, 60, 28 ಎಂದು ಒಂದು ಚೀಟಿಯಲ್ಲಿ ಬರೆದು ಕೇಸಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.