ಸೀಸಿಯಂ ಅನಿಲದಲ್ಲಿ ಎಫಿಮೋವ್ ಶಿಖರ ಅಳೆದದ್ದು: ನನ್ನ ಅನುಭವ

ಎಫಿಮೋವ್ ಟ್ರೈಮರ್ (ಮೂರು ಪರಮಾಣುಗಳು ಸಡಿಲವಾಗಿ ಕೂಡಿಕೊಂಡ ಗುಂಪು) ಮೇಲೆ ಕೆಲಸ ಮಾಡಿದ್ದೇನೆ ಅಂದರೆ ಅದರ ಫೋಟೋ ಇದೆಯಾ ಅಂತ ಕೇಳುತ್ತಾರೆ. ಇಲ್ಲ. ನಮ್ಮ ಥರದ ಪ್ರಯೋಗದಲ್ಲಿ ಕಾಣುವುದು ಒಂದೇ, ಟ್ರ್ಯಾಪಿನಲ್ಲಿ, ಅಂದರೆ ತಣಿಸಿದ ಅನಿಲವನ್ನು ಹಿಡಿದಿಡುವ ಬಲೆಯಲ್ಲಿ, ಇದ್ದ ಪರಮಾಣುಗಳು ಎಷ್ಟು ಬೇಗ ಖಾಲಿಯಾಗುತ್ತವೆ ಅನ್ನುವುದು. ಮೂರು ಪರಮಾಣುಗಳ ಕಥೆಯನ್ನೆಲ್ಲ ಆ ನಷ್ಟದಿಂದಲೇ ಓದಿಕೊಳ್ಳಬೇಕು. ಹಾಗಾಗಿ ನನ್ನ ಸಮಯ ಹೋಗಿದ್ದು ಹೆಚ್ಚಾಗಿ ಎಣಿಕೆಯಲ್ಲಿ, ತಾಪಮಾನದಲ್ಲಿ, ಟ್ರ್ಯಾಪಿನ ಅಳತೆಯಲ್ಲಿ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1970ರಲ್ಲಿ ವಿಟಾಲಿ ಎಫಿಮೋವ್ ಒಂದು ವಿಚಿತ್ರ ಮಾತು ಹೇಳಿದರು. ಎರಡು ಬೋಸಾನ್‌ಗಳು (ಒಂದೇ ಕ್ವಾಂಟಮ್ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಇರಬಲ್ಲ ಕಣಗಳು) ಕೂಡಿಕೊಳ್ಳಲು ಸೆಳೆತ ಇನ್ನೂ ಸ್ವಲ್ಪ ಸಾಲದು ಅನ್ನುವ ಸ್ಥಿತಿಯಲ್ಲೂ ಮೂರು ಸೇರಿದರೆ ಕೂಡಿಕೊಳ್ಳಬಲ್ಲವು, ಅದೂ ಒಂದೇ ಸ್ಥಿತಿಯಲ್ಲಲ್ಲ, ಒಂದಾದ ಮೇಲೊಂದು ಸಾಲಾಗಿ, ಪ್ರತಿಯೊಂದೂ ಹಿಂದಿನದಕ್ಕಿಂತ 22.7 ಪಟ್ಟು ದೊಡ್ಡದು, ಬಂಧನಶಕ್ತಿ ಮಾತ್ರ ಸುಮಾರು 515 ಪಟ್ಟು ಕಡಿಮೆ. ಪ್ರಯೋಗದಲ್ಲಿ ಇದರ ಗುರುತು ಸಿಗಲು 2006 ಬರಬೇಕಾಯಿತು. ಇನ್ಸ್‌ಬ್ರುಕ್‌ನಲ್ಲಿ ರುಡಾಲ್ಫ್ ಗ್ರಿಮ್ ಅವರ ತಂಡ ಸೀಸಿಯಂ ಪರಮಾಣುಗಳನ್ನು 10 ನ್ಯಾನೊಕೆಲ್ವಿನ್‌ವರೆಗೆ ತಣಿಸಿ ಅದನ್ನು ಕಂಡಿತು. ನಾನು ಮಾಡಿದ್ದು ಆ ಗುರುತನ್ನೇ, ಅಂದರೆ ಒಂದು ನಿರ್ದಿಷ್ಟ ಕಾಂತಕ್ಷೇತ್ರದಲ್ಲಿ ನಷ್ಟ ಏರಿ ಕಾಣುವ ಶಿಖರವನ್ನು, ನಮ್ಮ ಯಂತ್ರದಲ್ಲಿ ಮತ್ತೆ ಅಳೆಯುವುದು.

ಸೀಸಿಯಂ ಯಾಕೆ? ಅದರ ಅತಿ ಕೆಳಗಿನ ಸ್ಥಿತಿಯಲ್ಲಿ ಎರಡೇ ಪರಮಾಣು ಡಿಕ್ಕಿ ಹೊಡೆದರೆ ನಷ್ಟವಾಗುವ ದಾರಿಯೇ ಇಲ್ಲ. ನಷ್ಟ ಆಯಿತು ಅಂದರೆ ಮೂರು ಸೇರಿವೆ ಅಂತಲೇ, ಇಲ್ಲವೇ ಕೋಣೆಯಲ್ಲಿ ಉಳಿದಿದ್ದ ಅನಿಲ ಬಂದು ಗುದ್ದಿದೆ ಅಂತ. ಮೂರು ಸೇರಿದಾಗ ಎರಡು ಅಣುವಾಗಿ ಕೂಡಿಕೊಳ್ಳುತ್ತವೆ, ಬಿಡುಗಡೆಯಾದ ಶಕ್ತಿಯಲ್ಲಿ ಮೂರನೇ ಪರಮಾಣುವಿಗೆ ಮೂರರಲ್ಲಿ ಎರಡು ಪಾಲು, ಅಣುವಿಗೆ ಒಂದು ಪಾಲು. ಇಬ್ಬರೂ ಟ್ರ್ಯಾಪ್ ದಾಟಿ ಓಡಿಹೋಗುತ್ತಾರೆ. ಇನ್ನೊಂದು ಅನುಕೂಲ, ಸೀಸಿಯಂನಲ್ಲಿ ಸ್ಕ್ಯಾಟರಿಂಗ್ ಲೆಂಗ್ತ್ ಅನ್ನು (ಎರಡು ಪರಮಾಣುಗಳು ಒಂದರ ಮೇಲೊಂದು ಎಷ್ಟು ಪ್ರಭಾವ ಬೀರುತ್ತವೆ ಅನ್ನುವುದರ ಅಳತೆ) ಸಣ್ಣ ಕಾಂತಕ್ಷೇತ್ರದಿಂದಲೇ ತಿರುಗಿಸಬಹುದು. 17 ಗಾಸ್ (ಕಾಂತಕ್ಷೇತ್ರದ ಮಾನ) ಹತ್ತಿರ ಅದು ಸೊನ್ನೆ. ಅದಕ್ಕಿಂತ ಕೆಳಗೆ ಋಣಾತ್ಮಕ. ಶಿಖರ ಇರುವುದು 7.5 ಗಾಸ್ ಆಸುಪಾಸಿನಲ್ಲಿ, ಅಲ್ಲಿ ಸ್ಕ್ಯಾಟರಿಂಗ್ ಲೆಂಗ್ತ್ ಸುಮಾರು ಮೈನಸ್ 850 ಬೋರ್ ತ್ರಿಜ್ಯ, ಅಂದರೆ 45 ನ್ಯಾನೊಮೀಟರ್. ಅಲ್ಲಿ ಟ್ರೈಮರ್‌ನ ಶಕ್ತಿ ಮೂರು ಬಿಡಿ ಪರಮಾಣುಗಳ ಶಕ್ತಿಗೆ ಸರಿಸಮ ಬರುತ್ತದೆ, ಮೂರೂ ಸುಲಭವಾಗಿ ಹತ್ತಿರ ಬರುತ್ತವೆ, ನಷ್ಟ ಜಿಗಿಯುತ್ತದೆ.

ಕ್ಷೇತ್ರದ ಅಳತೆ ಇದರಲ್ಲಿ ಸುಲಭದ ಭಾಗ. ಮೈಕ್ರೋವೇವ್ ಹಾಕಿ ಪರಮಾಣುಗಳನ್ನು ಮೇಲಿನ ಹೈಪರ್‌ಫೈನ್ ಸ್ಥಿತಿಗೆ (ಪರಮಾಣುವಿನ ಸ್ವಲ್ಪ ಹೆಚ್ಚು ಶಕ್ತಿಯ ಸ್ಥಿತಿ) ಜಿಗಿಸಿದರೆ, ನಾವು ಬಳಸುವ ಜೋಡಿ ಸ್ಥಿತಿಗಳಿಗೆ ಜಿಗಿತದ ಫ್ರೀಕ್ವೆನ್ಸಿ ಪ್ರತಿ ಗಾಸ್‌ಗೆ 2.45 ಮೆಗಾಹರ್ಟ್ಜ್ ಸರಿಯುತ್ತದೆ. 10 ಮಿಲಿಗಾಸ್ ತಪ್ಪಿದರೂ 24 ಕಿಲೋಹರ್ಟ್ಜ್ ಸರಿದಿರುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಆದರೆ ಕಾಯಿಲ್‌ನ ಕರೆಂಟ್ ಬದಲಾಯಿಸಿದ ಕೂಡಲೇ ಅಳೆಯಬೇಡಿ. ಲೋಹದ ಕೋಣೆಯಲ್ಲಿ ಎಡ್ಡಿ ಕರೆಂಟ್ (ಕ್ಷೇತ್ರ ಬದಲಾದಾಗ ಲೋಹದಲ್ಲಿ ಹುಟ್ಟುವ ಸುಳಿ ಕರೆಂಟ್) ಸುತ್ತುತ್ತಲೇ ಇರುತ್ತದೆ, ಅದು ಸುಮ್ಮನಾಗುವವರೆಗೆ ಪರಮಾಣುಗಳಿಗೆ ಸಿಗುವ ಕ್ಷೇತ್ರ ನೀವು ಬಯಸಿದ್ದಲ್ಲ. ಅದೇ ಮೈಕ್ರೋವೇವನ್ನು ಬೇರೆ ಬೇರೆ ಹೊತ್ತಿಗೆ ಹಾಕಿ ನೋಡಿದರೆ ಎಷ್ಟು ಕಾಯಬೇಕು ಅಂತ ಗೊತ್ತಾಗುತ್ತದೆ.

ಕಷ್ಟ ಇರುವುದು ಸಾಂದ್ರತೆಯಲ್ಲಿ. ನಷ್ಟದ ವೇಗ ಸಾಂದ್ರತೆಯ ಘನಕ್ಕೆ ತಕ್ಕಂತೆ ಹೋಗುತ್ತದೆ. ಸಾಂದ್ರತೆಯನ್ನು ನೇರ ಅಳೆಯುವುದಿಲ್ಲ, ಪರಮಾಣು ಸಂಖ್ಯೆ, ತಾಪಮಾನ, ಟ್ರ್ಯಾಪ್ ಫ್ರೀಕ್ವೆನ್ಸಿ (ಟ್ರ್ಯಾಪಿನಲ್ಲಿ ಪರಮಾಣುಗಳು ತೂಗಾಡುವ ವೇಗ) ಈ ಮೂರರಿಂದ ಲೆಕ್ಕ ಹಾಕುತ್ತೇವೆ. ಇದನ್ನು ಸೂತ್ರಕ್ಕೆ ಹಾಕಿದರೆ ನಷ್ಟದ ಗುಣಾಂಕಕ್ಕೆ (ಮೂರು ಸೇರಿ ಆಗುವ ನಷ್ಟ ಎಷ್ಟು ಬಲವಾಗಿದೆ ಅನ್ನುವ ಅಳತೆ) ಸಂಖ್ಯೆ ವರ್ಗವಾಗಿ ಬರುತ್ತದೆ, ತಾಪಮಾನ ಘನವಾಗಿ, ಫ್ರೀಕ್ವೆನ್ಸಿ ಆರನೇ ಘಾತವಾಗಿ. ಆರನೇ ಘಾತ! ಫ್ರೀಕ್ವೆನ್ಸಿಯಲ್ಲಿ 5% ವ್ಯತ್ಯಾಸ ಇದ್ದರೆ ಉತ್ತರದಲ್ಲಿ 30%. ಹೊಸಬರು ಎಲ್ಲರೂ ಪರಮಾಣು ಸಂಖ್ಯೆಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಟ್ರ್ಯಾಪ್ ಫ್ರೀಕ್ವೆನ್ಸಿಯನ್ನು ಒಮ್ಮೆ ಅಳೆದು ವಾರಗಟ್ಟಲೆ ಅದನ್ನೇ ನಂಬಿಕೊಂಡಿರುತ್ತಾರೆ. ನಾನು ಪ್ರತಿ ದೊಡ್ಡ ಅಳತೆಗೆ ಮುಂಚೆ ಪರಮಾಣುಗಳ ಮೋಡಕ್ಕೆ ಸಣ್ಣ ತಳ್ಳು ಕೊಟ್ಟು, ಅದು ತೂಗಾಡುವುದನ್ನು ಮೂರೂ ದಿಕ್ಕಿನಲ್ಲಿ ನೋಡುತ್ತಿದ್ದೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ. ಸಂಖ್ಯೆಗೆ ಒಂದು ಒಳ್ಳೆ ಪರೀಕ್ಷೆ ಇದೆ: ಬೋಸ್–ಐನ್‌ಸ್ಟೈನ್ ಸಾಂದ್ರೀಕರಣ (ತೀರಾ ತಣಿದ ಪರಮಾಣುಗಳು ಒಂದೇ ಕ್ವಾಂಟಮ್ ಸ್ಥಿತಿಗೆ ಇಳಿಯುವುದು) ಶುರುವಾಗುವ ತಾಪಮಾನ ಸಂಖ್ಯೆಯ ಘನಮೂಲದ ಮೇಲೆ ನಿಂತಿದೆ, ಅದನ್ನು ಅಳೆದರೆ ಕ್ಯಾಮೆರಾ ಹೇಳುತ್ತಿರುವ ಸಂಖ್ಯೆ ನಿಜವಾ ಅಂತ ತಾಳೆ ನೋಡಬಹುದು. ಸೀಸಿಯಂಗೆ ಅದು ಚೆನ್ನಾಗಿ ಆಗುವುದು 21 ಗಾಸ್ ಹತ್ತಿರ, ಅಲ್ಲಿ ನಷ್ಟ ಕಡಿಮೆ. ನಷ್ಟದ ಅಳತೆಗೆ ಮಾತ್ರ ಕಂಡೆನ್ಸೇಟ್ (ಹಾಗೆ ಒಂದೇ ಸ್ಥಿತಿಗೆ ಇಳಿದ ಅನಿಲ) ಬೇಡ, ಇನ್ನೂ ಹಾಗೆ ಇಳಿಯದ ಥರ್ಮಲ್ ಮೋಡವೇ ಸಾಕು. ಕಂಡೆನ್ಸೇಟ್‌ನಲ್ಲಿ ಅದೇ ಸಾಂದ್ರತೆಗೆ ಮೂರರ ನಷ್ಟ ಆರರಲ್ಲಿ ಒಂದು ಭಾಗ ಅಷ್ಟೇ, ಎರಡೂ ಬೆರೆತರೆ ಲೆಕ್ಕ ಕಲಸುಮೇಲೋಗರ.

ಇನ್ನೊಂದು ಕಾಟ ಅಂದರೆ ಮೋಡ ತಾನಾಗಿ ಬಿಸಿಯಾಗುವುದು. ಮೂರು ಸೇರುವ ಘಟನೆ ಹೆಚ್ಚು ನಡೆಯುವುದು ಸಾಂದ್ರತೆ ಜಾಸ್ತಿ ಇರುವ ನಡುವಿನಲ್ಲಿ. ಅಲ್ಲಿರುವ ಪರಮಾಣುಗಳ ಶಕ್ತಿ ಸರಾಸರಿಗಿಂತ ಕಡಿಮೆ. ಅವೇ ಹೋಗಿಬಿಟ್ಟರೆ ಉಳಿದವುಗಳ ಸರಾಸರಿ ಏರುತ್ತದೆ, ಅಲ್ವಾ? ಬಿಸಿ ಪರಮಾಣುಗಳನ್ನು ಹೊರಬಿಟ್ಟು, ಅಂದರೆ ಆವಿಯಾಗಿಸಿ, ತಣಿಸುವುದರ ಸರಿ ಉಲ್ಟಾ. ಹಾಗಾಗಿ ಸಂಖ್ಯೆ ಮತ್ತು ತಾಪಮಾನ ಎರಡನ್ನೂ ಒಟ್ಟಿಗೆ, ಎರಡು ಸಮೀಕರಣ ಜೋಡಿಸಿ ಫಿಟ್ ಮಾಡಬೇಕು. ತಾಪಮಾನ ಸ್ಥಿರ ಅಂತ ಇಟ್ಟುಕೊಂಡು ಸಂಖ್ಯೆಗೆ ಮಾತ್ರ ಗೆರೆ ಎಳೆದರೆ ಗುಣಾಂಕ ಕಡಿಮೆ ಬರುತ್ತದೆ, ಗೆರೆ ನೋಡೋಕೆ ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ. ಹಿನ್ನೆಲೆ ಅನಿಲದ ನಷ್ಟವನ್ನು ನಾನು ಬೇರೆಯಾಗಿ 17 ಗಾಸ್‌ನಲ್ಲಿ ಅಳೆದು ಇಟ್ಟುಕೊಂಡೆ, ಅಲ್ಲಿ ಮೂರರ ನಷ್ಟ ಹೆಚ್ಚುಕಡಿಮೆ ಇಲ್ಲ. ತಣಿಸುವುದು ಮುಗಿದ ಮೇಲೆ ಟ್ರ್ಯಾಪನ್ನು ಸ್ವಲ್ಪ ಆಳ ಮಾಡುವುದೂ ಬೇಕು, ಇಲ್ಲದಿದ್ದರೆ ಆವಿಯಾಗುತ್ತಲೇ ಇರುವ ಪರಮಾಣುಗಳೂ ಮೂರರ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಜಾಸ್ತಿ ಆಳ ಮಾಡಿದರೆ ಮೋಡ ಬಿಸಿ. ಎಷ್ಟು ಸಾಕು ಅನ್ನುವುದನ್ನು ಮಾಡಿಯೇ ನೋಡಬೇಕು.

ಬಿಸಿ ಅಂದರೆ ಯಾಕಿಷ್ಟು ಭಯ ಅಂತೀರಾ? ತಾಪಮಾನ ಇದ್ದಷ್ಟೂ ನಷ್ಟದ ಗುಣಾಂಕಕ್ಕೆ ಒಂದು ಮೇಲ್ಮಿತಿ ಇರುತ್ತದೆ, ಅದು ತಾಪಮಾನದ ವರ್ಗಕ್ಕೆ ವಿಲೋಮ. 250 ನ್ಯಾನೊಕೆಲ್ವಿನ್‌ನಲ್ಲಿ ಮಾಡಿದರೆ ಶಿಖರ ಬೋಳಾಗಿ, ಅಗಲವಾಗಿ ಕಾಣುತ್ತದೆ. ಇದೇ ಕಾರಣಕ್ಕೆ ಸಾಲಿನಲ್ಲಿ ಮುಂದಿನ, ಇನ್ನೂ ದೊಡ್ಡ ಟ್ರೈಮರ್‌ನ ಎರಡನೇ ಶಿಖರ ಸಿಗುವುದು ಅಷ್ಟು ಕಷ್ಟ. ಅದು ಇರಬೇಕಾದ್ದು ಸ್ಕ್ಯಾಟರಿಂಗ್ ಲೆಂಗ್ತ್ ಮೈನಸ್ 20,000 ಬೋರ್ ತ್ರಿಜ್ಯದ ಹತ್ತಿರ, ಒಂದು ಮೈಕ್ರೋಮೀಟರ್! 2014ರಲ್ಲಿ ಇನ್ಸ್‌ಬ್ರುಕ್ ತಂಡವೇ ಸೀಸಿಯಂನಲ್ಲಿ ಅದನ್ನೂ ಹಿಡಿದು ಎರಡು ಶಿಖರಗಳ ನಡುವೆ 21.0 ಅನುಪಾತ ಕಂಡಿತು, ಅಳತೆಯ ಅನಿಶ್ಚಿತತೆ 1.3. ಅದೇ ವರ್ಷ ಲಿಥಿಯಂ–ಸೀಸಿಯಂ ಮಿಶ್ರಣದಲ್ಲಿ ಹೈಡೆಲ್‌ಬರ್ಗ್ ಮತ್ತು ಷಿಕಾಗೋ ತಂಡಗಳು ಒಂದಕ್ಕಿಂತ ಹೆಚ್ಚು ಶಿಖರ ನೋಡಿದವು. ಒಂದು ಹಗುರ, ಎರಡು ಭಾರ ಇದ್ದರೆ ಅನುಪಾತ 4.9ಕ್ಕೆ ಇಳಿಯುತ್ತದೆ, ಅದು ಜಾಣ ದಾರಿ. ನಮ್ಮ ಯಂತ್ರದಲ್ಲಿ ಎರಡನೆಯದಕ್ಕೆ ನಾನು ಕೈಹಾಕಲಿಲ್ಲ.

ಗ್ರಾಫ್ ಹಾಕುವಾಗ ಒಂದು ಕಿವಿಮಾತು. ನಷ್ಟದ ಗುಣಾಂಕ ಸ್ಕ್ಯಾಟರಿಂಗ್ ಲೆಂಗ್ತ್‌ನ ನಾಲ್ಕನೇ ಘಾತದಲ್ಲಿ ಏರುತ್ತದೆ, ಹಾಗೇ ಹಾಕಿದರೆ ಆ ಏರಿನಲ್ಲೇ ಶಿಖರ ಮುಳುಗುತ್ತದೆ. ಅದರ ನಾಲ್ಕನೇ ಮೂಲ ತೆಗೆದು ಒಂದು ಲೆಂಗ್ತ್ ರೂಪದಲ್ಲಿ ಬರೆದರೆ ಶಿಖರ ಸ್ಪಷ್ಟ. ಶಿಖರದ ಜಾಗ ಕ್ಷೇತ್ರದ ಮೇಲೆ ನಿಂತಿದೆ, ಆದ್ದರಿಂದ ಗಟ್ಟಿ. ಎತ್ತರ ಸಾಂದ್ರತೆಯ ಮೇಲೆ ನಿಂತಿದೆ, ಅದನ್ನು ನಾನು ದೊಡ್ಡ ಎರರ್ ಬಾರ್ ಇಲ್ಲದೆ ಯಾರಿಗೂ ತೋರಿಸಲ್ಲ. ಶಿಖರದ ಸ್ಕ್ಯಾಟರಿಂಗ್ ಲೆಂಗ್ತ್‌ನ ಅರ್ಧದಷ್ಟರಲ್ಲಿ ಒಂದು, ಶಿಖರಕ್ಕೆ ಹತ್ತಿರ ಇನ್ನೊಂದು, ಹೀಗೆ ನಾಲ್ಕು ಪರಮಾಣುಗಳು ಸೇರಿ ನಷ್ಟ ಜಿಗಿಯುವ ಎರಡು ರೆಸೊನೆನ್ಸ್ ಸೀಸಿಯಂನಲ್ಲಿ 2009ರಲ್ಲೇ ಕಂಡಿವೆ. ಅಲ್ಲಿ ಮೋಡ ದಟ್ಟವಾಗಿದ್ದರೆ ಕಡಿಮೆಯಾಗುವ ಗೆರೆ ಮೊದಮೊದಲು ಮೂರರ ಸೂತ್ರಕ್ಕಿಂತ ಕಡಿದಾಗಿ ಇಳಿಯುತ್ತದೆ. ಆ ಜಾಗಗಳಲ್ಲಿ ನಾನು ಸಾಂದ್ರತೆ ಇಳಿಸಿ, ಕಾಯುವ ಹೊತ್ತು ಹೆಚ್ಚಿಸಿ ಮತ್ತೆ ಅಳೆದೆ. ಎರಡು ಸಾಂದ್ರತೆಯಲ್ಲೂ ಗುಣಾಂಕ ಒಂದೇ ಬಂದ ಬಿಂದುಗಳನ್ನು ಮಾತ್ರ ಫಿಟ್‌ಗೆ ಇಟ್ಟುಕೊಂಡೆ.